ಸವೆದ ಬೋರ್ ಬಿಟ್: ಗುಜರಿಗೋ, ಸಾಣೆಗೋ, ಇನ್ನೊಂದು ಗಾಡಿಗೋ?

ಶಿವಮೊಗ್ಗ ಸುತ್ತಮುತ್ತ ಬೋರ್‌ವೆಲ್ ಗಾಡಿ ಇಟ್ಟುಕೊಂಡವರ ಶೆಡ್ಡಿನಲ್ಲಿ ಕೊಳವೆಯ ತುದಿಯಲ್ಲಿ ಕೂತು ಕಲ್ಲು ಕೊರೆದು ಸವೆದ ಬಿಟ್‌ಗಳ ರಾಶಿ ಇದ್ದೇ ಇರುತ್ತದೆ. ಮಳೆಗಾಲ ಹಿಡಿದು ಗಾಡಿ ನಿಂತು, ಕೈಯಲ್ಲಿ ದುಡ್ಡು ಓಡಾಡದ ಹೊತ್ತಿಗೆ ಆ ರಾಶಿ ಇದ್ದಹಾಗೇ ತೂಕಕ್ಕೆ ಹೋಗುವುದು ವಾಡಿಕೆ. ನಾನು ಅದನ್ನು ಬೇರೆ ಬೇರೆ ದಾರಿಯಲ್ಲಿ ಖಾಲಿ ಮಾಡಿ ನೋಡಿದ್ದೇನೆ. ಎಣ್ಣೆ ಬಾವಿಗಳಲ್ಲಿ ಓಡಿ ಬಂದ ಹಳೇ ಬಿಟ್‌ಗಳನ್ನು ಕೊಂಡು ನಮ್ಮ ನೆಲದಲ್ಲಿ ಇಳಿಸಿಯೂ ನೋಡಿದ್ದೇನೆ. ಯಾವುದರಲ್ಲಿ ಎಷ್ಟು ಹುಟ್ಟುತ್ತದೆ ಅನ್ನುವುದು ಬಿಟ್ಟಿನ ತೂಕದಲ್ಲಿಲ್ಲ, ಅದರ ಮುಖದ ಗಟ್ಟಿ ಗುಂಡುಗಳಾದ ಬಟನ್ನಿನಲ್ಲೂ, ಬಿಟ್ಟಿನ ಅಡ್ಡಳತೆಯಾದ ಗೇಜಿನಲ್ಲೂ ಇದೆ.

ಮೊದಲು ಗುಜರಿ. ಗಾಳಿಯ ಒತ್ತಡದಿಂದ ಬಡಿಯುವ ಹ್ಯಾಮರಿನ ತುದಿಗೆ ಕೂರುವ ಆರೂವರೆ ಇಂಚಿನ ಬಿಟ್ ಒಂದು ಸುಮಾರು 20 ಕಿಲೋ ತೂಗುತ್ತದೆ. ತಕ್ಕಡಿಗೆ ಹಾಕಿದರೆ ಅಲ್ಲೇ ದುಡ್ಡು, ತಲೆನೋವಿಲ್ಲ. ಆದರೆ ಅದರ ಮುಖದಲ್ಲಿ ಕೂತಿರುವ ಬಟನ್‌ಗಳೆಲ್ಲ ಟಂಗ್‌ಸ್ಟನ್ ಕಾರ್ಬೈಡ್. ಎಲ್ಲ ಸೇರಿ ಒಂದು ಕಿಲೋದ ಆಸುಪಾಸು ಬರುತ್ತವೆ, ಮತ್ತು ಕಾರ್ಬೈಡ್ ಗುಜರಿಯ ಕಿಲೋ ದರ ಕಬ್ಬಿಣದ ದರದ ಹತ್ತಾರು ಪಟ್ಟು. ಅಂದರೆ ಉಳಿದ 19 ಕಿಲೋ ಉಕ್ಕಿಗಿಂತ ಆ ಒಂದು ಕಿಲೋಗೇ ಬೆಲೆ ಜಾಸ್ತಿ. ನಾನು ಇದನ್ನೆತ್ತಿದಾಗ ಅಂಗಡಿಯಾತ, ‘ಕಬ್ಬಿಣ ಕಬ್ಬಿಣಾನೇ ಅಣ್ಣಾ, ಬಿಟ್ ಆದ್ರೇನು, ನೇಗಿಲಾದ್ರೇನು’ ಅಂದ. ಇಡೀ ಬಿಟ್ಟನ್ನು ಗುಜರಿಗೆ ಹಾಕುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡೆಯ ದಾರಿ.

ಬಟನ್ ಬಿಡಿಸಿ ಮಾರುವುದು ಅದಕ್ಕಿಂತ ಎಷ್ಟೋ ಮೇಲು, ಆದರೆ ಕೆಲಸ ಇದೆ. ಈ ಬಟನ್‌ಗಳನ್ನು ಬೆಸುಗೆ ಹಾಕಿ ಕೂರಿಸಿರುವುದಿಲ್ಲ, ಬಿಗಿ ತೂತಿಗೆ ಒತ್ತಿ ಕೂರಿಸಿರುತ್ತಾರೆ. ಬಿಸಿ ಮಾಡಿದರೆ ಉಕ್ಕು ಕಾರ್ಬೈಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆಗ ಹಿಡಿತ ಸಡಿಲುತ್ತದೆ. ಹಾಗಾಗಿ ಬಿಟ್ಟಿನ ಮೈಯನ್ನು ಸುತ್ತ ಒಂದೇ ಸಮ ಕಾಯಿಸಿ, ಆಮೇಲೆ ಬಟನ್ ಎಬ್ಬಿಸಬೇಕು. ಗ್ಯಾಸ್ ಕಟರ್ ಬೆಂಕಿಯನ್ನು ನೇರ ಬಟನ್ನಿಗೇ ಹಿಡಿಯುವವರನ್ನು ನೋಡಿದ್ದೇನೆ. ಗಾಳಿಯಲ್ಲಿ ವಿಪರೀತ ಕಾದರೆ ಕಾರ್ಬೈಡಿನ ಮೈ ಸುಟ್ಟು ಹೊಟ್ಟು ಏಳುತ್ತದೆ, ಕೊಳ್ಳುವವನು ಅದನ್ನೇ ತೋರಿಸಿ ದರ ಇಳಿಸುತ್ತಾನೆ.

ಬಿಡಿಸಿದ್ದು ನಿಜಕ್ಕೂ ಕಾರ್ಬೈಡೇ ಅಂತ ಕೊಳ್ಳುವವನಿಗೆ ತೋರಿಸಲು ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮೊದಲು ಬಟನ್ ತೂಗಿ, 60 ಗ್ರಾಂ ಬಂತು ಅಂದುಕೊಳ್ಳಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಬಟನ್ನಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 4 ಗ್ರಾಂ ಹತ್ತಿರ ತೋರಿಸಿದರೆ ಅದು ಕಾರ್ಬೈಡ್. ಉಕ್ಕಾಗಿದ್ದರೆ ಹೆಚ್ಚುಕಡಿಮೆ 8 ತೋರಿಸುತ್ತದೆ. ಕಾರ್ಬೈಡ್ ಅಷ್ಟು ಸಾಂದ್ರ. ದರ ಕೇಳುವಾಗ ಇನ್ನೊಂದು ವಿಷಯ ಗೊತ್ತಿರಲಿ: ಪ್ರಪಂಚದ ಟಂಗ್‌ಸ್ಟನ್ನಿನಲ್ಲಿ ದೊಡ್ಡ ಪಾಲು ಚೀನಾದ್ದು, ಅವರು 2025ರ ಫೆಬ್ರವರಿಯಲ್ಲಿ ರಫ್ತಿಗೆ ನಿಯಂತ್ರಣ ಹಾಕಿದ ಮೇಲೆ ಬೆಲೆ ಏರಿತು. ಹಳೇ ದರ ಹೇಳಿ ಒಯ್ಯಲು ಬಂದವರಿಗೆ ಕೊಡಬೇಡಿ, ಎರಡು ಕಡೆ ವಿಚಾರಿಸಿ.

ಇಷ್ಟೆಲ್ಲ ಹೇಳಿದರೂ ಬಟನ್ ಬಿಡಿಸುವುದು ಬಿಟ್ ಸತ್ತ ಮೇಲಿನ ಮಾತು. ಬದುಕಿರುವ ಬಿಟ್ಟಿಗೆ ಸಾಣೆಯೇ ಸರಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಟನ್ನಿನ ತಲೆ ಸವೆದು ಚಪ್ಪಟೆಯಾಗುತ್ತಾ ಬರುತ್ತದಲ್ಲ, ಆ ಚಪ್ಪಟೆ ಭಾಗ ಬಟನ್ ವ್ಯಾಸದ ಮೂರನೇ ಒಂದು ಪಾಲು ಮುಟ್ಟುವ ಹೊತ್ತಿಗೆ ಸಾಣೆಗೆ ಕೊಡಬೇಕು ಅನ್ನುವುದು ಈ ಕಸುಬಿನ ನಿಯಮ. 16 ಮಿಲಿಮೀಟರ್ ಬಟನ್ನಿಗೆ 5 ಮಿಲಿಮೀಟರ್ ಚಪ್ಪಟೆ. ವರ್ನಿಯರ್ ಇಟ್ಟು ಅಳೆಯಿರಿ, ಕಣ್ಣಂದಾಜು ಬೇಡ. ಅದನ್ನು ದಾಟಿಸಿ ಓಡಿಸಿದರೆ ಬಟನ್ ಕಲ್ಲನ್ನು ಒಡೆಯುವ ಬದಲು ಉಜ್ಜುತ್ತದೆ, ಕಾಯುತ್ತದೆ, ಮೈಮೇಲೆ ಹಾವಿನ ಪೊರೆಯಂಥ ಬಿರುಕುಗಳ ಬಲೆ ಏಳುತ್ತದೆ. ಆ ಬಿರುಕು ಪೂರ್ತಿ ಹೋಗುವಷ್ಟು ಸಾಣೆ ಹಿಡಿಯದಿದ್ದರೆ ಮುಂದಿನ ಬಾವಿಯಲ್ಲಿ ಬಟನ್ ಚೂರಾಗಿ ತಳಕ್ಕೆ ಬೀಳುತ್ತದೆ, ಬಿದ್ದ ಚೂರು ಉಳಿದ ಬಟನ್‌ಗಳನ್ನೂ ತಿನ್ನುತ್ತದೆ. ಸಾಣೆಗೆ ವಜ್ರದ ಕಪ್ ಬೇಕು, ನೀರು ಬಿಡುತ್ತಲೇ ಇರಬೇಕು. ಒಣ ಸಾಣೆಯ ಧೂಳಿನಲ್ಲಿರುವ ಕೋಬಾಲ್ಟ್ ಶ್ವಾಸಕೋಶ ಕೆಡಿಸುತ್ತದೆ. ಹುಡುಗರ ಕೈಲಿ ಮುಖಕ್ಕೆ ಏನೂ ಕಟ್ಟಿಸದೆ ಈ ಕೆಲಸ ಮಾಡಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸಾಣೆಯಿಂದ ಬಟನ್ ಮೊನೆ ವಾಪಸ್ ಬರುತ್ತದೆ, ಗೇಜ್ ಮಾತ್ರ ಬರುವುದಿಲ್ಲ. ನಮ್ಮಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಕುಸಿಯುವ ಕೆಮ್ಮಣ್ಣು, ಕೇಸಿಂಗ್ ಪೈಪ್ ಇಳಿಸಿದ ಮೇಲೆ ಗಟ್ಟಿ ಕಲ್ಲು. ಆ ಕಲ್ಲಿನ ನಡುವೆ ಬೆಣಚುಕಲ್ಲಿನ ಪಟ್ಟಿ ಸಿಕ್ಕಿತೋ, ಹೊರಸಾಲಿನ ಬಟನ್ ಕಣ್ಣೆದುರೇ ಸವೆಯುತ್ತದೆ. ಬಿಟ್ ಸಣ್ಣದಾದಷ್ಟೂ ತೂತು ಕೆಳಗೆ ಸಣ್ಣದಾಗುತ್ತಾ ಹೋಗುತ್ತದೆ. ಅಂಥ ತೂತಿಗೆ ನಡುವೆ ಹೊಸ ಬಿಟ್ ಇಳಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆ, ಹ್ಯಾಮರ್ ಸಮೇತ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಶೆಡ್ಡಿನ ಪ್ರತಿ ಬಿಟ್ಟಿನ ಅಳತೆಯನ್ನು ಅದರ ಮೈಮೇಲೇ ಪೇಂಟಲ್ಲಿ ಬರೆದಿಟ್ಟು, ಬಾವಿಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿದು ಬರುತ್ತೇವೆ. ಹೀಗೆ ಮಾಡಿದರೆ ಗೇಜ್ ಹೋಯಿತು ಅಂತ ಮೂಲೆಗೆ ಎಸೆದ ಬಿಟ್ಟೂ ಕೊನೆಯ ನೂರು ಅಡಿಗೆ ಬಳಕೆಗೆ ಬರುತ್ತದೆ.

ಇನ್ನೊಂದು ಗಾಡಿಯವರಿಗೆ ಮಾರುವುದು ಸಾಣೆಗೂ ಗುಜರಿಗೂ ನಡುವಿನ ದಾರಿ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಗಾಡಿಗಳವರು ಹಳೇ ಬಿಟ್ ನೋಡುವುದರಲ್ಲಿ ಪಳಗಿದವರು. ಮುಖ ನೋಡುವ ಮೊದಲೇ ಬಿಟ್ ತಿರುಗಿಸಿ, ಹ್ಯಾಮರಿನೊಳಗೆ ಕೂರುವ ಹಿಂಬದಿಯ ದಂಡವನ್ನು, ಅಂದರೆ ಶ್ಯಾಂಕನ್ನು ನೋಡುತ್ತಾರೆ, ಪಿಸ್ಟನ್ ಹೊಡೆಯುವ ಜಾಗದಲ್ಲಿ ಚಕ್ಕೆ ಎದ್ದಿದೆಯಾ, ಅದರ ಉದ್ದುದ್ದ ಏಣುಗಳ (ಸ್ಪ್ಲೈನ್) ಬುಡದಲ್ಲಿ ಬಿರುಕಿದೆಯಾ ಅಂತ. ನೀವು ಕೊಳ್ಳುವಾಗಲೂ ಅದನ್ನೇ ಮಾಡಿ. ಶ್ಯಾಂಕ್ ಮಾದರಿ ನಿಮ್ಮ ಹ್ಯಾಮರಿಗೆ ಕೂರದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಎಣ್ಣೆ ಬಾವಿಯ ಬಿಟ್. ಕರ್ನಾಟಕದಲ್ಲಿ ಎಣ್ಣೆ ತೆಗೆಯುವ ಬಾವಿ ಇಲ್ಲ, ಈ ಮಾಲು ಆಂಧ್ರದ ಗೋದಾವರಿ ಕಡೆಯಿಂದಲೋ ಗುಜರಾತಿನಿಂದಲೋ ವ್ಯಾಪಾರಿಗಳ ಕೈ ದಾಟಿ ಬರುತ್ತದೆ. ಸರ್ಕಾರಿ ಕಂಪನಿಗಳ ಗುಜರಿ ಎಂಎಸ್‌ಟಿಸಿ ಅನ್ನುವ ಸರ್ಕಾರಿ ಕಂಪನಿಯ ಇ-ಹರಾಜಿನಲ್ಲಿ ಲಾಟ್ ಲೆಕ್ಕದಲ್ಲಿ ಹೋಗುತ್ತದೆ. ಹಲ್ಲಿರುವ ಮೂರು ಕೋನ್ ಉರುಳುತ್ತಾ ಕೊರೆಯುವ ಟ್ರೈಕೋನ್ ಬಿಟ್ 1933ರಿಂದ ಇದೆ, ಅದಕ್ಕೆ ಮೂಲವಾದ ಎರಡು ಕೋನಿನದಕ್ಕೆ ಹೊವಾರ್ಡ್ ಹ್ಯೂಸ್ ಸೀನಿಯರ್ 1909ರಲ್ಲಿ ಪೇಟೆಂಟ್ ಪಡೆದದ್ದು. ಕೊಳ್ಳುವಾಗ ಕೋನನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ, ಸೀಲ್ ಹತ್ತಿರ ಗ್ರೀಸ್ ಸೋರಿದ್ದರೆ ಬೇರಿಂಗ್ ಮುಗಿಯಿತು. ಹಲ್ಲಿನ ಸವೆತವನ್ನು ಆ ಉದ್ಯಮದಲ್ಲಿ 0ಯಿಂದ 8ರವರೆಗೆ ಬರೆಯುತ್ತಾರೆ, 8 ಅಂದರೆ ಕೊರೆಯಲು ಏನೂ ಉಳಿದಿಲ್ಲ. ಆ ಚೀಟಿ ಇದ್ದರೆ ಕೇಳಿ ಪಡೆಯಿರಿ. ತ್ರೆಡ್ಡೂ ನೋಡಬೇಕು: ಆರು ಮುಕ್ಕಾಲು ಇಂಚಿನ ಬಿಟ್ಟಿಗೆ ಮೂರೂವರೆ ಇಂಚಿನ ‘ರೆಗ್ಯುಲರ್’ ಅನ್ನುವ ಮಾದರಿಯ ತ್ರೆಡ್, ಎಂಟೂವರೆಯದಕ್ಕೆ ನಾಲ್ಕೂವರೆ ರೆಗ್ಯುಲರ್.

ಗಟ್ಟಿ ಕಲ್ಲಿನಲ್ಲಿ ಇದು ನಮ್ಮ ಗಾಡಿಗೆ ಆಗದ ಕೆಲಸ. ಟ್ರೈಕೋನ್ ಕಲ್ಲನ್ನು ಭಾರದಿಂದ ಪುಡಿ ಮಾಡುತ್ತದೆ, ಎಣ್ಣೆ ರಿಗ್ಗಿನಲ್ಲಿ ಅದರ ಮೇಲೆ ಟನ್‌ಗಟ್ಟಲೆ ದಪ್ಪ ಉಕ್ಕಿನ ಕೊಳವೆ (ಕಾಲರ್) ಕೂತಿರುತ್ತದೆ. ನಮ್ಮಲ್ಲಿ ಆ ಭಾರ ಎಲ್ಲಿದೆ? ಆದರೆ ಉಕ್ಕಿನ ಹಲ್ಲಿನ ಟ್ರೈಕೋನನ್ನು, ನೀರು ಚಿಮ್ಮುವ ಸಣ್ಣ ನಾಜಲ್‌ಗಳನ್ನು ಬಿಚ್ಚಿ, ತೀರ್ಥಹಳ್ಳಿ ಕಡೆಯ ಜಿಗುಟು ಕೆಮ್ಮಣ್ಣಿನಲ್ಲಿ ನೀರು ಬಿಟ್ಟು ಓಡಿಸಿದಾಗ ಹ್ಯಾಮರಿಗಿಂತ ಸಲೀಸಾಗಿ ಇಳಿಯಿತು. ಹ್ಯಾಮರ್ ಅಲ್ಲಿ ಮಣ್ಣು ಮೆತ್ತಿಕೊಂಡು ಉಸಿರು ಕಟ್ಟಿ ನಿಲ್ಲುತ್ತದೆ. ಕೇಸಿಂಗ್ ಇಳಿಸುವವರೆಗಿನ ಕೆಲಸಕ್ಕೆ ಅಂಥದ್ದೊಂದು ಗಾಡಿಯಲ್ಲಿರಲಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಎಣ್ಣೆ ಬಾವಿಯದೇ ಇನ್ನೊಂದು ಬಗೆ ಪಿಡಿಸಿ, ಅಂದರೆ ರೆಕ್ಕೆಗಳ ಮೇಲೆ ವಜ್ರದ ಪದರವಿರುವ ಕಟರ್‌ಗಳನ್ನು ಕೂರಿಸಿದ ಬಿಟ್; ಅದನ್ನು ಮಾತ್ರ ಕೆಲಸಕ್ಕೆಂದು ಕೊಳ್ಳಬೇಡಿ. ಅದರ ವಜ್ರದ ಪದರ ಮೆದು ಪದರುಗಲ್ಲನ್ನು ಹೆರೆಯಲು ಇರುವುದು, ನಮ್ಮ ಕರಿಕಲ್ಲಿನ ಹೊಡೆತಕ್ಕೆ ಒಡೆದುಹೋಗುತ್ತದೆ. ಗುಜರಿಯಾಗಿ ಸಿಕ್ಕರೆ ಬಿಡಬೇಡಿ. ಕೆಲವದರ ರೆಕ್ಕೆಗಳಿಗೆ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಅದನ್ನು ನೋಡಿ ಗುಜರಿಯವರು ಬೇಡ ಅನ್ನುವುದೂ ಉಂಟು. ಅಂಟದಿರುವುದಕ್ಕೆ ಕಾರಣ ಆ ಮೈ ಉಕ್ಕಿನದ್ದಲ್ಲ, ಟಂಗ್‌ಸ್ಟನ್ ಕಾರ್ಬೈಡ್ ಪುಡಿಯಿಂದ ಎರಕ ಹೊಯ್ದದ್ದು. ಕಟರ್‌ಗಳನ್ನು ಬಿಡಿಸುವಾಗ ಶಾಖ 700 ಡಿಗ್ರಿ ದಾಟಿದರೆ ವಜ್ರ ಹಾಳಾಗುತ್ತದೆ, ಆಮೇಲೆ ಕಟರ್ ಲೆಕ್ಕದ ಬೆಲೆ ಹೋಗಿ ಕಾರ್ಬೈಡ್ ತೂಕದ ಬೆಲೆಯಷ್ಟೇ ಸಿಗುತ್ತದೆ.