ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಪ್ಯಾಕೇಜ್: ಕಡತಕ್ಕೆ ನಾಲ್ಕು ಸ್ಟಾರ್, ಅಣಕು ಸಂದರ್ಶನಕ್ಕೆ ಒಂದು

ವಿಶ್ವವಿದ್ಯಾಲಯದ ನೇಮಕಾತಿ ಅಧಿಸೂಚನೆ ಬಂತೆಂದರೆ ಶಿವಮೊಗ್ಗದ ಜೆರಾಕ್ಸ್, ಡಿಟಿಪಿ ಅಂಗಡಿಗಳಿಗೆ ಸುಗ್ಗಿ. ಅವುಗಳಲ್ಲೊಂದು ಅರ್ಜಿ ತುಂಬಿ, ಅಂಕ ಲೆಕ್ಕ ಹಾಕಿ, ಕಡತ ಬೈಂಡ್ ಮಾಡಿ, ಅಣಕು ಸಂದರ್ಶನವನ್ನೂ ಸೇರಿಸಿ ಒಂದೇ ಪ್ಯಾಕೇಜ್ ಮಾಡಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿ ಸಾಗರ, ತೀರ್ಥಹಳ್ಳಿ ಕಡೆ ಅತಿಥಿ ಉಪನ್ಯಾಸಕಿಯರಾಗಿರುವವರೇ ಗಿರಾಕಿಗಳಲ್ಲಿ ಹೆಚ್ಚು. ಹಾಗಾಗಿ ಅವರಿಗೆ ಇದರಿಂದ ಏನು ಸಿಗುತ್ತದೆ ಎಂದೇ ನೋಡಬೇಕು.

ಲೆಕ್ಕ ಪಕ್ಕಾ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯಗಳಿಗಿರುವ 3ಎ ಅಂಕ ಕೋಷ್ಟಕ ಇವರಿಗೆ ಬಾಯಿಪಾಠ. ಪಿಎಚ್‌ಡಿಗೆ 30, ಸ್ನಾತಕೋತ್ತರದಲ್ಲಿ ಶೇ. 80 ಮತ್ತು ಮೇಲಿದ್ದರೆ 25, ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಜೊತೆ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಇದ್ದರೆ 7, ಬರೀ ನೆಟ್‌ಗೆ 5, ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ 3. ಪ್ರಕಟವಾದ ಸಂಶೋಧನಾ ಪ್ರಬಂಧಕ್ಕೆ ತಲಾ 2, ಗರಿಷ್ಠ 10. ಅನುಭವಕ್ಕೆ ವರ್ಷಕ್ಕೆ 2, ಅದೂ ಗರಿಷ್ಠ 10. ಕಾಲೇಜುಗಳಿಗಿರುವ 3ಬಿ ಬೇರೆ: ಅಲ್ಲಿ ಪಿಎಚ್‌ಡಿಗೆ 25, ಪ್ರಬಂಧಗಳಿಗೆ ಗರಿಷ್ಠ 6. ಎರಡನ್ನೂ ಕಲಸಿಬಿಡುವ ಅಂಗಡಿಗಳಿವೆ. ಇಲ್ಲಿ ಆ ಗೋಜಲಿಲ್ಲ.

ಹೆಣ್ಣುಮಕ್ಕಳ ಅಂಕ ಸೋರುವುದು ಅನುಭವದ ಕಾಲಮ್ಮಿನಲ್ಲಿ. ಹೆರಿಗೆಗೆಂದೋ ವರ್ಗವಾದ ಗಂಡನ ಜೊತೆಗೆಂದೋ ನಡುವೆ ಬಿಟ್ಟವರು ‘ಇಂತಿಷ್ಟು ವರ್ಷ’ ಎಂದು ಒಂದೇ ಪ್ರಮಾಣಪತ್ರ ತಂದರೆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಕಡಿಮೆಯಾದ ಅವಧಿಗೂ ಅದೇ ಪ್ರಮಾಣದಲ್ಲಿ ಅಂಕವುಂಟು, ಆದರೆ ತಾರೀಖು ಬೇಕು. ಪ್ರತಿ ಅವಧಿಯ ನೇಮಕಾತಿ ಆದೇಶ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದ ಪ್ರಾಂಶುಪಾಲರ ಪತ್ರ, ಎರಡೂ ಇಲ್ಲದೆ ಇವರು ಕಡತ ಮುಟ್ಟುವುದಿಲ್ಲ. ಹಟ ಅನ್ನಿಸಬಹುದು, ಅದೇ ಸರಿ.

ಹೆಸರಿನ ಗೊಂದಲವನ್ನೂ ಚೆನ್ನಾಗಿ ಬಿಡಿಸುತ್ತಾರೆ. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪ್ರಬಂಧದಲ್ಲಿ ಮೂರನೆಯದೇ ಒಂದು! ನೋಟರಿ ಅಫಿಡವಿಟ್ ಮತ್ತು ವಿವಾಹ ನೋಂದಣಿ ಪತ್ರವನ್ನು ಕಡತದ ಆರಂಭದಲ್ಲೇ ಇಡುತ್ತಾರೆ. ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ (ORCID) ಐಡಿಯಡಿ ಎಲ್ಲ ಪ್ರಬಂಧಗಳನ್ನು ಸೇರಿಸಿಕೊಳ್ಳಿ ಎಂದು ಮಾತ್ರ ಹೇಳುವುದಿಲ್ಲ. ಅದನ್ನು ನೀವೇ ಮಾಡಿಕೊಳ್ಳಬೇಕು. ಇನ್ನೊಂದು ಕೊರತೆ: ಪಿಎಚ್‌ಡಿ ಯಾಕೆ ತಡವಾಯಿತು ಎಂಬುದಕ್ಕೆ ಅವರ ನಮೂನೆಯಲ್ಲಿ ಜಾಗವೇ ಇಲ್ಲ. ಪಿಎಚ್‌ಡಿ ನಿಯಮಗಳಲ್ಲಿ ಮಹಿಳೆಯರಿಗೆ 2 ವರ್ಷ ಹೆಚ್ಚುವರಿ ಅವಕಾಶವಿದೆ, 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆಯಿದೆ. ರಜೆ ಮಂಜೂರಾದ ಆದೇಶದ ಪ್ರತಿ ಲಗತ್ತಿಸಿ, ಸಂಖ್ಯೆ ನಮೂದಿಸಿ. ಇಲ್ಲದಿದ್ದರೆ ಅದು ಸೋಮಾರಿತನದಂತೆ ಕಾಣುತ್ತದೆ.

ಮೊದಲ ಪುಟದ ವಿನ್ಯಾಸ ನಮಗೆ ಹಿಡಿಸಲಿಲ್ಲ. ಹೆಸರುವಾಸಿ ಸಂಸ್ಥೆಯ ಪದವಿಯಾದರೆ ದಪ್ಪಕ್ಷರ, ಊರಿನ ವಿಶ್ವವಿದ್ಯಾಲಯದ್ದಾದರೆ ಮೂಲೆಯಲ್ಲಿ ಸಣ್ಣಕ್ಷರ. 3ಎ ಕೋಷ್ಟಕದಲ್ಲಿ ಎಲ್ಲಿಯ ಪಿಎಚ್‌ಡಿಯಾದರೂ 30 ಅಂಕವೇ. ಆದರೆ ಈ ಅಂಕಗಳೆಲ್ಲ ಸಂದರ್ಶನಕ್ಕೆ ಕರೆಯುವವರೆಗೆ ಮಾತ್ರ; ಆಯ್ಕೆ ಸಂದರ್ಶನದ ಮೇಲೆಯೇ ಎಂದು ಅದೇ ನಿಯಮ ಹೇಳುತ್ತದೆ. ಸಂಸ್ಥೆಯ ಹೆಸರಿನ ತೂಕ ಕೆಲಸ ಮಾಡುವುದು ಅಲ್ಲೇ. ಅಮೆರಿಕದ ಕಂಪ್ಯೂಟರ್ ವಿಜ್ಞಾನ, ಬಿಸಿನೆಸ್, ಇತಿಹಾಸ ವಿಭಾಗಗಳ ನೇಮಕಾತಿ ನೋಡಿದ 2015ರ ಅಧ್ಯಯನದಲ್ಲಿ ಕಾಲು ಭಾಗ ಸಂಸ್ಥೆಗಳೇ ಶೇ. 71ರಿಂದ 86ರಷ್ಟು ಅಧ್ಯಾಪಕರನ್ನು ಕೊಟ್ಟಿದ್ದವು. ಮೊದಲೆರಡು ವಿಷಯಗಳಲ್ಲಿ, ಅಷ್ಟೇ ಹೆಸರಿರುವ ಕಡೆ ಓದಿದ್ದರೂ ಮಹಿಳೆಯರು ಗಂಡಸರಿಗಿಂತ ಕೆಳಗಿನ ಸಂಸ್ಥೆಗಳಲ್ಲಿ ಕೆಲಸ ಪಡೆದಿದ್ದರು.

ಇಷ್ಟು ಮುಖ್ಯವಾದ ಸಂದರ್ಶನದ ತರಬೇತಿಯೇ ಇವರ ಕಳಪೆ ಭಾಗ. ಗಂಡಸರಿಗೆ ಮುಂದಿನ ಸಂಶೋಧನಾ ಯೋಜನೆ ಏನು ಎಂಬ ಪ್ರಶ್ನೆ. ಹೆಂಗಸರಿಗೆ ‘ಯಜಮಾನ್ರು ಎಲ್ಲಿದ್ದಾರೆ, ಮಗು ಚಿಕ್ಕದಾ?’ ‘ಅತ್ತೆ ನೋಡ್ಕೋತಾರೆ ಸರ್’ ಎಂಬ ಉತ್ತರವನ್ನೂ ಕಲಿಸಿಕೊಡುತ್ತಾರೆ. ಕೇಳಿದವರನ್ನು ಬೋಧನೆಯ ಕಡೆ ತಿರುಗಿಸುವುದು ಹೇಗೆ ಎಂದು ಹೇಳುವುದಿಲ್ಲ. ಅಭ್ಯರ್ಥಿಗಳಲ್ಲಿ ಮಹಿಳೆಯಿದ್ದು ಸಮಿತಿಯಲ್ಲಿ ಮಹಿಳೆಯಿಲ್ಲದಿದ್ದರೆ ಕುಲಪತಿಗಳು ಒಬ್ಬ ಮಹಿಳಾ ಶಿಕ್ಷಣತಜ್ಞರನ್ನು ನಾಮನಿರ್ದೇಶನ ಮಾಡಬೇಕೆಂಬ ನಿಯಮದ ಸುದ್ದಿಯೂ ಇಲ್ಲ.

ಮೇಲಿನ ಹಂತದ ಸಹ ಪ್ರಾಧ್ಯಾಪಕ ಹುದ್ದೆಯ ಕಡತಕ್ಕಂತೂ ಇಲ್ಲಿಗೆ ಹೋಗಬೇಡಿ. ಅತಿಥಿ ಸೇವೆಯನ್ನೆಲ್ಲ ಕೂಡಿಸಿ ಕೊಡುತ್ತಾರೆ. ಆದರೆ ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಮಾಸಿಕ ವೇತನಕ್ಕೆ ಕಡಿಮೆಯಿಲ್ಲದ ಸಂಭಾವನೆ ಬಂದಿದ್ದರೆ ಮಾತ್ರ ತಾತ್ಕಾಲಿಕ ಸೇವೆ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಡತವನ್ನಷ್ಟೇ ಮಾಡಿಸುತ್ತೇನೆಂದರೆ ದರ ಇಳಿಸುತ್ತಾರೆ. ಪಿಡಿಎಫ್ ಜೊತೆ ವರ್ಡ್ ಫೈಲನ್ನೂ ಕೇಳಿ ಪಡೆಯಿರಿ, ಮುಂದಿನ ಅಧಿಸೂಚನೆಗೆ ಮತ್ತೆ ದುಡ್ಡು ಕೊಡುವುದು ತಪ್ಪುತ್ತದೆ.