"ಹಾಯ್ ಹೇಳ್ತಿದೆ ನೋಡಿ" ಅಂದ, ದುಡ್ಡು ಕೊಟ್ಟೆ

ಸಿಡ್ನಿಯಲ್ಲಿ ಮಕ್ಕಳಿಗೆ ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಓತಿ ಕೊಡಿಸಬೇಕು ಅಂತಿರುವವರು ಇದನ್ನು ಓದಿಬಿಡಿ. ನಾಲ್ಕು ದಿನದಿಂದ ಬರೆಯಲೋ ಬೇಡವೋ ಅಂತಿದ್ದೆ. ಅಷ್ಟು ನಾಚಿಕೆ.

ಜುಲೈನಲ್ಲಿ ಆನ್‌ಲೈನ್ ಜಾಹೀರಾತು ನೋಡಿ ಹೋದೆವು. ಗಾಜಿನ ಪೆಟ್ಟಿಗೆ, ಕೆಂಪು ಬಲ್ಬ್, ಓತಿ ಎಲ್ಲಾ ಸೇರಿ 350 ಡಾಲರ್. ಮುಂಗಾಲಿನ ಬೆರಳು ಸಣ್ಣಗೆ ಆಡುತ್ತಿತ್ತು. "ನೋಡಿ, ನಿಮ್ಮ ಮಗಳಿಗೆ ಹಾಯ್ ಹೇಳ್ತಿದೆ" ಅಂದ ಮಾರುವವನು. ಮಗಳು ಕೈ ಬೀಸಿದಳು. ನಾನೂ ಬೀಸಿದೆ! ಅಲ್ಲೇ ದುಡ್ಡು ಎಣಿಸಿದೆ.

ಸಿಡ್ನಿ ಇರುವ ರಾಜ್ಯ ನ್ಯೂ ಸೌತ್ ವೇಲ್ಸ್‌ನಲ್ಲಿ ಇದನ್ನು ಸಾಕಲು ಲೈಸೆನ್ಸ್ ಬೇಕು. ನಾನು ಮಾಡಿಸಿದ್ದೆ. ಅವನ ಲೈಸೆನ್ಸ್ ನಂಬರ್ ಕೇಳಿದರೆ "ಆಮೇಲೆ ಮೆಸೇಜ್ ಮಾಡ್ತೀನಿ" ಅಂದ. ಇವತ್ತಿಗೂ ಬಂದಿಲ್ಲ.

ಮನೆಯಲ್ಲಿ ಒಂದು ಹುಳವನ್ನೂ ಮುಟ್ಟಲಿಲ್ಲ. ಅವನನ್ನು ಕೇಳಿದರೆ, "ಚಳಿಗಾಲ ಅಲ್ವಾ, ನಿದ್ದೆಗೆ ಹೋಗ್ತಿದೆ, ಬಿಡಿ." ಅರ್ಧ ನಿಜ, ಅದಕ್ಕೇ ನಂಬಿದೆ. ಚಳಿಯಲ್ಲಿ ಇವು ವಾರಗಟ್ಟಲೆ ಮಲಗುವುದುಂಟು. ಆದರೆ ಮಲಗುವ ಪ್ರಾಣಿಯ ಬೆರಳು ಯಾಕೆ ನಡುಗಬೇಕು?

ಡಾಕ್ಟರ್ ಎರಡು ಬೆರಳಲ್ಲಿ ದವಡೆ ಒತ್ತಿದರು. ರಬ್ಬರಿನ ಹಾಗೆ ಬಾಗಿತು. ಅದು ಹಾಯ್ ಅಲ್ಲ, ಕ್ಯಾಲ್ಸಿಯಂ ಇಲ್ಲದ ನಡುಕ ಅಂದರು. ನಿಜವಾಗಿ ಕೈ ಬೀಸುವಾಗ ಒಂದು ಮುಂಗಾಲನ್ನು ನಿಧಾನಕ್ಕೆ ಸುತ್ತು ತಿರುಗಿಸುತ್ತದಂತೆ. ಅದೂ ಹಾಯ್ ಅಲ್ಲ. ದೊಡ್ಡ ಓತಿಗೆ 'ನಾನು ಸಣ್ಣವನು, ಬಿಟ್ಬಿಡು' ಅನ್ನುವುದು.

ನಮ್ಮೂರ ಓತಿಕ್ಯಾತದ ಬಳಗವೇ ಇದು. ಆಸ್ಟ್ರೇಲಿಯಾದ ಒಳನಾಡಿನ ಒಣ ಕಾಡಲ್ಲಿ, ಮರುಭೂಮಿಯಲ್ಲಿ, ಬೇಲಿ ಕಂಬದ ಮೇಲೆ ಕೂತು ಬಿಸಿಲು ಕಾಯಿಸುವ ಪ್ರಾಣಿ. ಆ ಬಿಸಿಲಿನ ಯುವಿಬಿ ಕಿರಣ ಬಿದ್ದರೆ ಮೈಯಲ್ಲಿ ಡಿ3 ವಿಟಮಿನ್ ಆಗುತ್ತದೆ, ಆಗಲೇ ಮೂಳೆಗೆ ಕ್ಯಾಲ್ಸಿಯಂ ಸೇರುವುದು. ಕೆಂಪು ಬಲ್ಬ್‌ನಿಂದ ಬರುವುದು ಬರೀ ಬಿಸಿ.

ಅವನಿಗೆ ಫೋನ್ ಮಾಡಿದೆ. "ನನ್ನ ಹತ್ರ ಚೆನ್ನಾಗೇ ಇತ್ತು, ಬೇಕಿದ್ರೆ ನನ್ನ ಹೆಂಡ್ತಿನ ಕೇಳಿ." ಓತಿಕ್ಯಾತಕ್ಕೆ ಬೇಲಿ ಸಾಕ್ಷಿ! ಆಮೇಲೆ, "ನೀವು ನೋಡಿಯೇ ತಗೊಂಡಿದ್ದಲ್ವಾ?" ಹೌದು, ನೋಡಿಯೇ ತಗೊಂಡೆ. ಅದೇ ಉರಿಯುತ್ತಿರುವುದು. ಮರುದಿನ ನನ್ನ ನಂಬರ್ ಬ್ಲಾಕ್.

ಯುವಿಬಿ ಬಲ್ಬ್ ಇದೆಯಾ, ಎಷ್ಟು ತಿಂಗಳ ಹಳೇದು ಅಂತ ಕೇಳಿ. ನಡೆಯುವಾಗ ಹೊಟ್ಟೆ ನೆಲದಿಂದ ಮೇಲೇಳುತ್ತಾ ನೋಡಿ. ಲೈಸೆನ್ಸ್ ನಂಬರ್ ಕಣ್ಣಾರೆ ನೋಡದೆ ದುಡ್ಡು ಬಿಚ್ಚಬೇಡಿ. "ಆಮೇಲೆ" ಅಂದರೆ ಎದ್ದು ಬನ್ನಿ.

ಈಗ ಔಷಧಿ ನಡೆದಿದೆ. ಮಗಳು ಸ್ಕೂಲಿಗೆ ಹೊರಡುವಾಗ ದಿನಾ ಅದಕ್ಕೆ ಕೈ ಬೀಸುತ್ತಾಳೆ. ಅದು ನಡುಕ ಅಂತ ನಾನಿನ್ನೂ ಹೇಳಿಲ್ಲ.