ಜೇನು ಪೆಟ್ಟಿಗೆ ತೆರೆಯುವಾಗ ಕೈ ತುರಿಸುತ್ತದಾ? ಚರ್ಮದ ಗ್ಲೌಸೋ, ನೈಟ್ರೈಲೋ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ತೊಡುವೆ (ನಮ್ಮ ನಾಡಿನ ಜೇನು) ಸಾಕುವ ಎಷ್ಟೋ ಜನ ಬರಿಗೈಯಲ್ಲೇ ಪೆಟ್ಟಿಗೆ ತೆರೆಯುತ್ತಾರೆ. ತೊಡುವೆ ಗೂಡಿಗೆ ಮರದ ಅಂಟು ಮೆತ್ತುವುದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ನಡೆಯುತ್ತದೆ. ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು ಇಟ್ಟವರ ಕಥೆ ಬೇರೆ. ಅದು ಪ್ರೊಪೋಲಿಸ್ ಎಂಬ ಅಂಟನ್ನು ಸಂದಿಸಂದಿಗೂ ಮೆತ್ತುತ್ತದೆ, ಕೆಲವರ ಮೈಗೆ ಅದು ಆಗುವುದಿಲ್ಲ, ತಾಗಿದ ಒಂದೆರಡು ದಿನ ಬಿಟ್ಟು ಬೆರಳ ಸಂದಿಯಲ್ಲಿ ತುರಿಕೆ, ಕೆಂಪು, ಬಿರುಕು.

ಚರ್ಮದ ಗ್ಲೌಸು ಕುಟುಕನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅಂಟು ಅದರಲ್ಲೇ ಕೂರುತ್ತದೆ, ಸರಿಯಾಗಿ ತೊಳೆಯಲೂ ಆಗದು, ಪ್ರತಿ ಸಲ ಅದನ್ನೇ ಮುಟ್ಟುತ್ತೀರಿ. ಚರ್ಮ ಹದ ಮಾಡಲು ಬಳಸುವ ಕ್ರೋಮಿಯಂ ಕೂಡ ಕೆಲವರಿಗೆ ಅಲರ್ಜಿ.

ತೆಳು ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸಿಗೆ ಕುಟುಕು ತೂರಬಹುದು, ನಮ್ಮ ಸೆಕೆಗೆ ಒಳಗೆ ಬೆವರೂ ಜಾಸ್ತಿ. ಆದರೂ ಅಂಟಿಗೆ ಇದೇ ವಾಸಿ, ಕೆಲಸ ಮುಗಿದ ಮೇಲೆ ಬಿಸಾಡಬಹುದು ಅಲ್ವಾ? ಒಳಗೆ ತೆಳು ಹತ್ತಿ ಗ್ಲೌಸು ಹಾಕಿ. ಅಗ್ಗವೆಂದು ರಬ್ಬರ್ ಮರದ ಹಾಲಿನಿಂದ ಮಾಡಿದ ಲ್ಯಾಟೆಕ್ಸ್ ಗ್ಲೌಸು ತರಬೇಡಿ, ಅದರದ್ದೇ ಅಲರ್ಜಿ ಇದೆ (ರಬ್ಬರ್ ಊರಿನವರಿಗೆ ಹೇಳಬೇಕಾ!).

ಯಾವುದು ತರಲಿ ಅಂದರೆ, ಬರೀ ಕುಟುಕಿನ ಹೆದರಿಕೆಗೆ ಚರ್ಮದ್ದು, ತುರಿಕೆಗೆ ನೈಟ್ರೈಲ್. ಕಾರಣ ಗೊತ್ತಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ (ಯಾವುದರ ಅಲರ್ಜಿ ಎಂದು ಚರ್ಮಕ್ಕೆ ಪಟ್ಟಿ ಅಂಟಿಸಿ ನೋಡುವುದು) ಮಾಡಿಸಿ, ಸುಮ್ನೆ ಮುಲಾಮು ಹಚ್ಚುತ್ತಾ ಕೂರಬೇಡಿ. ಕುಟುಕಿದ ಕೂಡಲೇ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಅದು ಬೇರೆಯದೇ ಅಲರ್ಜಿ, ಗ್ಲೌಸಿನ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಿ.